ಮಷಿನ್ ಮೇಲಿನ ನಂಬರ್ ಬೇರೆ, ಕೈಗೆ ಬರುವ ತೂಕ ಬೇರೆ

ಚೆಸ್ಟ್ ಪ್ರೆಸ್ ಮಷಿನ್‌ನಲ್ಲಿ (ಕೂತು ಹಿಡಿಯನ್ನು ಎದೆಯಿಂದ ಮುಂದಕ್ಕೆ ತಳ್ಳುವುದು) ತಳ್ಳುವ ತೂಕ ನೋಡಿ ಬಾರ್‌ಬೆಲ್‌ಗೆ, ಅಂದರೆ ಎರಡು ಕೈಯಲ್ಲಿ ಎತ್ತುವ ಉದ್ದ ಸರಳಿಗೆ, ಎಷ್ಟು ಹಾಕಬೇಕೆಂದು ಹೇಳ್ತೇನೆ ಅಂದಾಗ ಕಾರವಾರದ ನಮ್ಮ ಜಿಮ್‌ನಲ್ಲಿ ಯಾರೂ ನಂಬಲಿಲ್ಲ. "ಸುಮ್ನೆ ಯಾಕೆ ಮಾರಾಯಾ, ಎತ್ತಿ ನೋಡಿದ್ರೆ ಗೊತ್ತಾಗ್ತದೆ" ಅಂದರು. ಈಗ ನಾನು ಹೇಳಿದ ತೂಕ ಹೆಚ್ಚೆಂದರೆ 5 ಕೆಜಿ ಆಚೀಚೆ ಆಗುತ್ತದೆ.

ಎಲ್ಲ ಮಷಿನ್‌ಗೂ ಒಂದೇ ಲೆಕ್ಕ ಹಿಡಿದರೆ ಕೆಲಸ ಕೆಡುತ್ತದೆ. ಎರಡೂ ಬದಿಯಿಂದ ಕೇಬಲ್ ಎಳೆಯುವ ಕೇಬಲ್ ಕ್ರಾಸ್‌ಓವರ್ ಮಷಿನ್‌ನಲ್ಲಿ ತೂಕದ ಪ್ಲೇಟಿನ ಜೊತೆ ಮೇಲೆ ಕೆಳಗೆ ಓಡುವ ಪುಲ್ಲಿ ಇದ್ದರೆ, 40 ಕೆಜಿಗೆ ಪಿನ್ ಹಾಕಿದರೂ ಕೈಗೆ 20ರ ಹತ್ತಿರ ಬರುತ್ತದೆ. ಹಾಗಾಗಿ ಎಲ್ಲವನ್ನೂ ತೂಗಿದೆ. ಮೊದಲು ತಂದ ಲಗೇಜ್ ತಕ್ಕಡಿಗೆ ಸುಮಾರು 400 ರೂಪಾಯಿ ದಂಡ. ಅದು 50 ಕೆಜಿ ದಾಟುವುದಿಲ್ಲ, ನಂಬರ್ ಲಾಕ್ ಆಗಿಬಿಡುತ್ತದೆ. ಆಮೇಲೆ ಮೀನಿನವರು ಇಟ್ಟುಕೊಳ್ಳುವಂಥ ಕೊಕ್ಕೆ ತಕ್ಕಡಿ ತಂದೆ, ಎರಡು ಸಾವಿರದ ಹತ್ತಿರ ಆಯಿತು. ಹ್ಯಾಂಡಲ್ ಬಿಚ್ಚಿ ಕೇಬಲ್‌ಗೆ ಕೊಕ್ಕೆ ಸಿಕ್ಕಿಸಿ ನಿಧಾನ ಎಳೆದು ನೋಡಬೇಕು, ನಿಧಾನ ಬಿಡುತ್ತಾ ಮತ್ತೆ ನೋಡಬೇಕು. ಮೇಲಿನಿಂದ ಹಿಡಿ ಕೆಳಗೆಳೆಯುವ ನಮ್ಮ ಲ್ಯಾಟ್ ಪುಲ್‌ಡೌನ್ ಮಷಿನ್ 40ರಲ್ಲಿ ಎಳೆಯುವಾಗ 46, ಬಿಡುವಾಗ 35 ತೋರಿಸಿತು. ನಡುವಿನ ಅಂತರ ತಿಕ್ಕಾಟದ್ದು.

ಮಳೆಗಾಲದಲ್ಲಿ ಆ ಅಂತರ ಹತ್ತಿರಹತ್ತಿರ ಎರಡು ಪಟ್ಟಾಯಿತು. ಕಡಲ ಉಪ್ಪುಗಾಳಿಗೆ ಪ್ಲೇಟುಗಳು ಜಾರುವ ಗೈಡ್ ರಾಡ್ ತುಕ್ಕು ಹಿಡಿದಿತ್ತು. ಕೊಬ್ಬರಿ ಎಣ್ಣೆ ಹಚ್ಚಿದ್ದಕ್ಕೆ ಧೂಳು ಕೂತು ಜಿಗುಟಾಯಿತು. ತುಕ್ಕು ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ ಸಿಲಿಕೋನ್ ಸ್ಪ್ರೇ ಹೊಡೆದ ಮೇಲೆ ಸರಿಹೋಯಿತು. ಕರಾವಳಿಯ ಜಿಮ್‌ನವರು ಬೇಸಿಗೆಗೊಂದು, ಮಳೆಗೊಂದು ಲೆಕ್ಕ ಇಟ್ಟುಕೊಳ್ಳಿ.

ಲೆಗ್ ಪ್ರೆಸ್‌ನಲ್ಲಿ ಕಾಲಿಂದ 200 ತಳ್ಳುವವರು ಸ್ಕ್ವಾಟ್‌ನಲ್ಲಿ 80ಕ್ಕೆ ನಿಂತರೆ ಬೇಜಾರಾಗಬೇಕಿಲ್ಲ. 45 ಡಿಗ್ರಿ ಇಳಿಜಾರಿನಲ್ಲಿ 100 ಕೆಜಿ ಅಂದರೆ ಕಾಲಿಗೆ 70 ಚಿಲ್ಲರೆ, ಪ್ಲೇಟು ಹೊತ್ತು ಜಾರುವ ಖಾಲಿ ಸ್ಲೆಡ್‌ನ ತೂಕ ಬೇರೆ. ಸ್ಕ್ವಾಟ್‌ನಲ್ಲಿ ನಮ್ಮ ಮೈತೂಕವನ್ನೂ ಎತ್ತಬೇಕಲ್ವಾ? ಕಂಬಿಗಳ ನಡುವೆ ಮೇಲೆ ಕೆಳಗೆ ಜಾರುವ ಸ್ಮಿತ್ ಮಷಿನ್ ಬಾರನ್ನೂ ಸಾಮಾನ್ಯ ಬಾರ್‌ಬೆಲ್ ಬಾರಿನಂತೆ 20 ಕೆಜಿ ಅಂತ ಹಿಡಿಯಬೇಡಿ. ನಮ್ಮದಕ್ಕೆ ಎದುರು ತೂಕ ಕಟ್ಟಿದ್ದಾರೆ, ತೂಗಿದರೆ 8ರ ಆಸುಪಾಸು.

ಚೆಸ್ಟ್ ಪ್ರೆಸ್ ಹಿಡಿಗೆ ಬೆಲ್ಟ್ ಕಟ್ಟಿ, ಮುಂದಿನಿಂದ ತಕ್ಕಡಿ ಹಿಡಿದು ಎಳೆದು ತೂಗಿದೆ. ಬಂದದ್ದರ ಮುಕ್ಕಾಲು ಪಾಲು ಬಾರ್‌ಬೆಲ್‌ಗೆ. ಡಂಬೆಲ್ ಎರಡೂ ಸೇರಿ ಅದಕ್ಕಿಂತ ಸ್ವಲ್ಪ ಕಡಿಮೆ, ಒಂದೊಂದು ಕೈಯೂ ತನ್ನ ತೂಕ ತಾನೇ ಸಂಭಾಳಿಸಬೇಕು. ಮುಕ್ಕಾಲೋ, ಅದಕ್ಕೂ ಕಡಿಮೆಯೋ ಅಂತ ಆಳು ನೋಡಿ ತಿಳಿಯಲು ಒಂದು ಪರೀಕ್ಷೆ ಇಟ್ಟಿದ್ದೇನೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ಬೈತಖೋಲ ಕಡೆಯ, ಬಲೆ ಎಳೆಯುವ ಕೆಲವು ಹುಡುಗರ ಮೇಲೂ ನೋಡಿದೆ. ತೂಕವನ್ನು ಹೊಟ್ಟೆಯ ಕಡೆ ಎಳೆಯುವ ರೋಯಿಂಗ್ ವ್ಯಾಯಾಮದಲ್ಲಿ ಮಷಿನ್‌ನ ಅಸಲು ತೂಕದಷ್ಟನ್ನೇ, ಅಂದರೆ ತಕ್ಕಡಿಯಲ್ಲಿ ಬಂದಷ್ಟನ್ನೇ, ಬಾರ್‌ಬೆಲ್‌ನಲ್ಲೂ ಎಳೆದರು. ಅವರಿಗೆ ಮುಕ್ಕಾಲಿನ ಲೆಕ್ಕ ಬಿಟ್ಟಿದ್ದೇನೆ.