ನೆಟ್ ಇದ್ದಾಗ ರೇಡಿಯೋ, ಇಲ್ಲದಾಗ ಫೈಲು

ಮುಂಬೈನಲ್ಲೋ ದುಬೈನಲ್ಲೋ ಕೂತು ಮೈಸೂರು ಆಕಾಶವಾಣಿ ಕೇಳಬೇಕಾ? ನ್ಯೂಸ್‌ಆನ್‌ಏರ್ ಆ್ಯಪ್ ಹಾಕಿಕೊಳ್ಳಿ. ಉಚಿತ. ಇದೇ ಥರದ ಹೆಸರಿನ ಬೇರೆ ಆ್ಯಪ್‌ಗಳೂ ಸಾಲಾಗಿ ಬರುತ್ತವೆ, ಅದಕ್ಕೇ ಪ್ರಸಾರ ಭಾರತಿಯದ್ದೇ ಹೌದಾ ಅಂತ ನೋಡಿಕೊಂಡು ಇನ್‌ಸ್ಟಾಲ್ ಮಾಡಿ. ಒಳಗೆ ಲೈವ್ ರೇಡಿಯೋಗೆ ಹೋದರೆ ಧಾರವಾಡ, ಕಲಬುರಗಿ, ಮಂಗಳೂರು, ಭದ್ರಾವತಿ ಎಲ್ಲ ಸಿಗುತ್ತವೆ. ಶಾಸ್ತ್ರೀಯ ಸಂಗೀತ ಇಷ್ಟ ಇದ್ದರೆ 2016ರಲ್ಲಿ ಶುರುವಾದ ಆಕಾಶವಾಣಿಯದ್ದೇ ರಾಗಂ ಚಾನೆಲ್ ಕೇಳಿ.

ಡೇಟಾ ಎಷ್ಟು ಹೋಗುತ್ತೆ ಅನ್ನೋ ಭಯ ಬೇಡ. 64 ಕೆಬಿಪಿಎಸ್ ಪ್ರಸಾರಕ್ಕೆ ಗಂಟೆಗೆ ಸುಮಾರು 29 ಎಂಬಿ, 128 ಇದ್ದರೆ ಅದರ ಎರಡರಷ್ಟು, ಅಷ್ಟೇ. ವಿಡಿಯೋ ನೋಡೋದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ಜಾಸ್ತಿ ಜನರ ದೂರು ಬೇರೆಯೇ. ಸ್ಕ್ರೀನ್ ಆಫ್ ಆಗಿ ಸ್ವಲ್ಪ ಹೊತ್ತಿಗೆ ರೇಡಿಯೋನೂ ನಿಂತುಹೋಗುತ್ತೆ ಅಂತಾರೆ. ಬ್ಯಾಟರಿ ಉಳಿಸೋಕೆ ಫೋನೇ ಆ್ಯಪನ್ನು ಮುಚ್ಚಿರುತ್ತೆ. ಆಂಡ್ರಾಯ್ಡ್‌ನಲ್ಲಿ ಆ ಆ್ಯಪಿನ ಐಕಾನ್ ಒತ್ತಿ ಹಿಡಿದು, ಆ್ಯಪ್ ಇನ್ಫೋ, ಬ್ಯಾಟರಿ ಅಂತ ಹೋಗಿ ಅನ್‌ರಿಸ್ಟ್ರಿಕ್ಟೆಡ್ ಆರಿಸಿ. ಮನೆಯ ಹಿರಿಯರ ಫೋನಿಗೆ ರೇಡಿಯೋ ಹಾಕಿಕೊಡುವವರು ದಯವಿಟ್ಟು ಇದನ್ನು ಮರೀಬೇಡಿ, ಅವರು ಪಾಪ ಪ್ರತಿ ಸಲ ಕನ್ನಡಕ ಹುಡುಕಿ ಮತ್ತೆ ಆನ್ ಮಾಡ್ತಾ ಕೂರಬೇಕಾಗುತ್ತೆ. ಇನ್ನೊಂದು ವಿಷಯ: ನೆಟ್ ಮೂಲಕ ಬರುವ ರೇಡಿಯೋ ನಿಜವಾದ ಸಮಯಕ್ಕಿಂತ ಸ್ವಲ್ಪ ಹಿಂದಿರುತ್ತೆ, ಅದನ್ನು ಕೇಳಿ ಗಡಿಯಾರ ಸರಿ ಮಾಡಿಕೊಳ್ಳಬೇಡಿ.

ಆದರೆ ಚಾರ್ಮಾಡಿ ಘಾಟಿ ಹತ್ತುವಾಗ ನೆಟ್ ಹೋದರೆ ರೇಡಿಯೋನೂ ಹೋಯ್ತು. ಅಂಥ ದಾರಿಗೆ ಹಾಡು, ನಾಟಕ, ಯಕ್ಷಗಾನದ ಫೈಲುಗಳು ಫೋನಿನಲ್ಲೇ ಇರಬೇಕು. ಮೊದಲೆಲ್ಲ ಫೈಲು ದಾಟಿಸೋಕೆ ಶೇರ್‌ಇಟ್, ಜೆಂಡರ್ ಇದ್ದವು. 2020ರ ಜೂನ್‌ನಲ್ಲಿ ಸರಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅವೆರಡೂ ಹೋದವು. ಪ್ಲೇ ಸ್ಟೋರ್ ಬಿಟ್ಟು ಬೇರೆಲ್ಲಿಂದಲೋ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡೋ ಫೈಲು) ತಂದು ಅವನ್ನು ಮತ್ತೆ ಹಾಕಿಕೊಳ್ಳೋದು ಬೇಡ.

ಎರಡೂ ಫೋನು ಆಂಡ್ರಾಯ್ಡ್ ಆದರೆ ಆಂಡ್ರಾಯ್ಡ್‌ನಲ್ಲೇ ಇರುವ ಕ್ವಿಕ್ ಶೇರ್ ಸಾಕು. ಎರಡರಲ್ಲೂ ವೈಫೈ, ಬ್ಲೂಟೂತ್, ಲೊಕೇಶನ್ ಆನ್ ಮಾಡಿ. ತೆಗೆದುಕೊಳ್ಳುವ ಫೋನನ್ನು ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಕಾಣುವಂತೆ ಇಡಿ, ಕೊಡುವ ಫೋನಿನಲ್ಲಿ ಫೈಲ್ ಆರಿಸಿ ಶೇರ್ ಒತ್ತಿ.

ಒಂದು ಕಡೆ ಐಫೋನೋ ಲ್ಯಾಪ್‌ಟಾಪೋ ಇದ್ದರೆ ನಾನು ಹೇಳೋದು ಲೋಕಲ್‌ಸೆಂಡ್ ಅನ್ನೋ ಆ್ಯಪ್, ಎರಡು ಕಡೆಯೂ ಹಾಕಿಕೊಳ್ಳಿ. ಉಚಿತ, ಓಪನ್ ಸೋರ್ಸ್ (ಅದರ ಕೋಡ್ ಯಾರು ಬೇಕಾದರೂ ನೋಡಬಹುದು), ಲಾಗಿನ್ ಬೇಕಿಲ್ಲ. ಎರಡೂ ಒಂದೇ ವೈಫೈನಲ್ಲಿರಬೇಕು. ವೈಫೈ ಇಲ್ವಾ? ಒಂದು ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಇನ್ನೊಂದನ್ನು ಅದಕ್ಕೆ ಸೇರಿಸಿ, ಫೈಲು ನೇರವಾಗಿ ಹೋಗೋದರಿಂದ ಅದಕ್ಕೆ ಡೇಟಾ ಖರ್ಚಾಗಲ್ಲ. ಎರಡರಲ್ಲೂ ಆ್ಯಪ್ ತೆರೆದರೆ ಪ್ರತಿಯೊಂದಕ್ಕೂ ಆ್ಯಪೇ ಹಣ್ಣಿನದೋ ತರಕಾರಿಯದೋ ಒಂದು ಹೆಸರು ಕೊಟ್ಟಿರುತ್ತೆ, ಫೈಲ್ ಆರಿಸಿ ಆ ಕಡೆಯದರ ಹೆಸರು ಒತ್ತಿ ಕಳಿಸಿ, ಆ ಕಡೆಯವರು ಅಕ್ಸೆಪ್ಟ್ ಮಾಡಲಿ. ಐಫೋನ್ ಲೋಕಲ್ ನೆಟ್‌ವರ್ಕ್‌ಗೆ ಅನುಮತಿ ಕೇಳುತ್ತೆ, ಬೇಡ ಅಂದರೆ ಫೋನುಗಳು ಒಂದಕ್ಕೊಂದು ಕಾಣೋದೇ ಇಲ್ಲ. ಲಾಡ್ಜು, ಹಾಸ್ಟೆಲ್ಲಿನ ವೈಫೈನಲ್ಲೂ ಎಷ್ಟೋ ಸಲ ಹೀಗೇ ಆಗುತ್ತೆ, ಆಗ ಸುಮ್ನೆ ಹಾಟ್‌ಸ್ಪಾಟಿಗೆ ಬನ್ನಿ.

ಆಂಡ್ರಾಯ್ಡ್‌ನಲ್ಲಿ ಬಂದ ಫೈಲು ಡೌನ್‌ಲೋಡ್ಸ್‌ನಲ್ಲಿರುತ್ತೆ. ಹೊರಡೋ ಮುಂಚೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವಿಎಲ್‌ಸಿ ಅನ್ನೋ ಪ್ಲೇಯರ್ ಆ್ಯಪಿನಲ್ಲಿ ಒಂದು ಫೈಲು ತೆರೆದು ನೋಡಿ. ಹಾಡಿದರೆ ಘಾಟಿಯಲ್ಲೂ ಹಾಡುತ್ತೆ.