ಸೌಡಿಯೊಬ್ಬನ ಬದುಕನ್ನು ಕಾದಂಬರಿ ಮಾಡಿದ್ದು

ನನ್ನ ಕಾದಂಬರಿಯ ನಾಯಕ ವಿಶ್ವೇಶ್ವರಯ್ಯ ನಾಲೆಯ ಒಬ್ಬ ಸೌಡಿ. ತೂಬು ಎತ್ತಿ ಇಳಿಸಿ, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವವನಿಗೆ ಮಂಡ್ಯದ ಕಡೆ ಇರುವ ಹೆಸರು ಅದು. ಮೂವತ್ತು ವರ್ಷ ಅದೇ ಕೆಲಸ ಮಾಡಿ ನಿವೃತ್ತನಾಗುತ್ತಾನೆ. ಕಥೆ ಅಷ್ಟೇ. ಬರೆಯಲು ನನಗೆ ಆರು ವರ್ಷ ಹಿಡಿಯಿತು.

ಮೊದಲ ಕರಡು ಬರೆಯುವಾಗ ಅವನ ಮೇಲೆ ನನಗೇ ನಂಬಿಕೆ ಸಾಲಲಿಲ್ಲ. ಏನಾದರೂ ನಡೆಯಬೇಕಲ್ಲ ಎಂದು 1991ರ ಕಾವೇರಿ ಗಲಭೆಯನ್ನು ತಂದೆ. ಆ ಪುಟಗಳಲ್ಲೆಲ್ಲ ಸೌಡಿ ಮೂಲೆಗೆ ಸರಿದುಬಿಟ್ಟ. ತೊಂಬತ್ತು ಪುಟ ತೆಗೆದೆ. ಉಳಿದದ್ದು ಒಂದೇ ಸಾಲು: ಆ ವಾರ ಬಸ್ಸಿಲ್ಲದೆ ಅವನು ಮಗಳ ಮನೆಗೆ ನಡೆದೇ ಹೋದ.

ಆಮೇಲಿನ ತೊಡಕು ಕ್ರಿಯಾಪದಗಳದ್ದು. ದಿನವೂ ಒಂದೇ ಕೆಲಸ ಮಾಡುವವನನ್ನು ಬರೆಯಹೊರಟರೆ ವಾಕ್ಯಗಳೆಲ್ಲ ‘ಹೋಗುತ್ತಿದ್ದ, ಎತ್ತುತ್ತಿದ್ದ, ಕೂರುತ್ತಿದ್ದ’ ಎಂದೇ ಮುಗಿಯುತ್ತವೆ. ಎರಡು ಪುಟಕ್ಕೆ ತೂಕಡಿಕೆ ಬರುತ್ತದೆ. ಆ ರೂಪವನ್ನು ಆದಷ್ಟೂ ಬಿಟ್ಟು ಒಂದೇ ಒಂದು ಬೆಳಗನ್ನು ಹಿಡಿದೆ. ಹೋದ, ಎತ್ತಿದ, ಕುಳಿತ.

ಆ ಬೆಳಗಿಗಾಗಿ, ಕಟ್ಟು ನೀರು, ಅಂದರೆ ಸರದಿಯ ನೀರು, ಬಿಟ್ಟ ದಿನ ಹಳೆಯ ಸೌಡಿಯೊಬ್ಬರ ಜೊತೆ ನಾಲೆಯ ಏರಿಯ ಮೇಲೆ ಕುಳಿತಿದ್ದೆ. ಒಣಗಿದ ಕಿರುನಾಲೆಯಲ್ಲಿ ಮೊದಲು ಕಸ ಬಂತು. ತರಗೆಲೆ, ಕಬ್ಬಿನ ರವದಿ, ಒಂಟಿ ಪ್ಲಾಸ್ಟಿಕ್ ಚಪ್ಪಲಿ. ಅದರ ಬೆನ್ನಿಗೇ ಕಂದು ನೊರೆ. ಅವರು ಬರಿಗಾಲನ್ನು ತೂಬಿನ ಕಬ್ಬಿಣದ ಮೇಲಿಟ್ಟು ಸುಮ್ಮನಾದರು. ಎಷ್ಟು ನೀರು ಹೋಗುತ್ತಿದೆಯೆಂದು ಅದರ ನಡುಕದಲ್ಲೇ ತಿಳಿಯುತ್ತದಂತೆ. ಆ ಪಾದ ನನಗೆ ಇಡೀ ಒಂದು ಅಧ್ಯಾಯ ಕೊಟ್ಟಿತು.

ಅಧ್ಯಾಯಗಳಿಗೆ ಇಸವಿ ಹಾಕಲಿಲ್ಲ. ತಲೆಯ ಮೇಲೆ ಆ ದಿನದ ಕನ್ನಂಬಾಡಿಯ ನೀರಿನ ಮಟ್ಟ ಮಾತ್ರ. 124.80 ಅಡಿ ಎಂದರೆ ಕಟ್ಟೆ ತುಂಬಿದೆಯೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಿಲ್ಲ. ಸಂಖ್ಯೆ ತೀರಾ ಕೆಳಗಿಳಿದಿದ್ದರೆ ಮದುವೆಗಳು ಮುಂದಕ್ಕೆ ಹೋದದ್ದನ್ನೂ ವಿವರಿಸಬೇಕಿಲ್ಲ.

ಹೆಂಡತಿ ತೀರಿಕೊಂಡ ಅಧ್ಯಾಯ ಬಹಳ ಕಾಡಿತು. ಅವನಿಂದ ಒಂದು ಮಾತನ್ನಾದರೂ ಆಡಿಸಬೇಕೆಂದು ಬರೆದು ಹೊಡೆದುಹಾಕಿದ್ದಕ್ಕೆ ಲೆಕ್ಕವಿಲ್ಲ. ಕೊನೆಗೆ ಅವನು ಹನ್ನೊಂದನೆಯ ದಿನದ ತಿಥಿ ಮುಗಿಸಿ, ಮರುದಿನ ಅವಳ ಬುತ್ತಿಯ ಬಟ್ಟೆಯಲ್ಲಿ ತಾನೇ ಮುದ್ದೆ ಕಟ್ಟಿಕೊಂಡು ಹೊರಟ. ಗಂಟು ಬೇರೆ ಥರ ಬಿದ್ದಿತ್ತು. ಮಧ್ಯಾಹ್ನ ಅದನ್ನು ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡು ಕುಳಿತ.

ಆ ಪುಟವನ್ನು ಹಳೆಯ ಸೌಡಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು, “ಆ ಹನ್ನೊಂದು ದಿನ ತೂಬು ನೋಡಿಕೊಂಡವರು ಯಾರು?” ಎಂದು ಕೇಳಿದರು. ನಾನು ಬರೆದಿರಲಿಲ್ಲ. ಆ ರಾತ್ರಿಯೇ ಸೇರಿಸಿದೆ.