ಕಾರ್ಡ್‌ಗಳನ್ನು ಹಾಡುವವರ ಶ್ರುತಿಗೆ ಕೂರಿಸುವುದು ಹೇಗೆ?

ಪಲ್ಲವಿ ಒಂದನ್ನು ಹಾಡಿಸಿ ‘ಇದೇ ಶ್ರುತಿ ಇರಲಿ’ ಎಂದು ಒಪ್ಪಿಕೊಂಡುಬಿಟ್ಟರೆ, ಚರಣ ತಾರಸ್ಥಾಯಿಗೆ ಏರಿದಾಗ ಗಂಟಲು ಕಿರುಚುತ್ತದೆ. ಹಾಗಾಗಿ ಗಿಟಾರ್ ಕೈಗೆತ್ತಿಕೊಳ್ಳುವ ಮುಂಚೆಯೇ ಇಡೀ ಹಾಡಿನ ಅತಿ ಕೆಳಗಿನ ಸ್ವರ, ಅತಿ ಮೇಲಿನ ಸ್ವರ ಎರಡನ್ನೂ ಹಾರ್ಮೋನಿಯಂ ಮೇಲೆ ಒತ್ತಿ ಗುರುತಿಸಿಕೊಳ್ಳಿ.

ಒಂದು ಹಾಡು ಜಿ ಶ್ರುತಿಯಲ್ಲಿದೆ, ಅಂದರೆ ಬಿಳಿ ಐದು (ಹಾರ್ಮೋನಿಯಂನಲ್ಲಿ ಸಿಯಿಂದ ಎಣಿಸಿದರೆ ಐದನೇ ಬಿಳಿ ಮನೆ). ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು, ಜಿ, ಇ ಮೈನರ್, ಸಿ, ಡಿ. ಹಾಡು ಮಂದ್ರದ ಪಂಚಮಕ್ಕೆ (ಡಿ) ಇಳಿಯುತ್ತದೆ, ತಾರದ ರಿಷಭದವರೆಗೆ (ಎ) ಏರುತ್ತದೆ. ಹಾಡುವವರಿಗೆ ಕೆಳಗಿನ ಡಿ ಬರೀ ಉಸಿರಾಗಿ ಹೋಗುತ್ತದೆ, ಎಫ್‌ನಿಂದ ಮೇಲೆ ದನಿ ಸ್ಪಷ್ಟ. ಮೇಲೆ ಸಿ ಶಾರ್ಪ್‌ವರೆಗೂ ತಲುಪುತ್ತಾರೆ. ಮೂರು ಮನೆ ಏರಿಸಿದರೆ ಕೆಳಗಿನದು ಎಫ್ ಆಗುತ್ತದೆ, ಮೇಲಿನದು ಸಿ. ಮೇಲೆ ಇನ್ನೂ ಒಂದು ಮನೆ ಉಳಿದಿರಲಿ, ವೇದಿಕೆಯಲ್ಲಿ ಮೂರನೇ ಹಾಡಿನ ಹೊತ್ತಿಗೆ ಅದು ಬೇಕಾಗುತ್ತದೆ.

ಮನೆ ಎಣಿಸುವಾಗ ಕಪ್ಪು, ಬಿಳಿ ಎರಡೂ ಲೆಕ್ಕಕ್ಕೆ: ಸಿ, ಸಿ ಶಾರ್ಪ್, ಡಿ, ಡಿ ಶಾರ್ಪ್, ಇ, ಎಫ್, ಎಫ್ ಶಾರ್ಪ್, ಜಿ, ಜಿ ಶಾರ್ಪ್, ಎ, ಎ ಶಾರ್ಪ್, ಬಿ. ಒಟ್ಟು 12, ಆಮೇಲೆ ಮತ್ತೆ ಸಿ. ಹೊರಟ ಮನೆಯನ್ನೇ ‘ಒಂದು’ ಎಂದು ಎಣಿಸುವುದು ಎಲ್ಲರೂ ಮಾಡುವ ತಪ್ಪು. ಇ–ಎಫ್ ಹಾಗೂ ಬಿ–ಸಿ ನಡುವೆ ಕಪ್ಪು ಮನೆ ಇಲ್ಲ ಎಂಬುದನ್ನು ಮರೆಯುವುದು ಇನ್ನೊಂದು. ಮೂರು ಮನೆ ಮುಂದೆ ಹೋದರೆ ಜಿ ಇದ್ದದ್ದು ಬಿ ಫ್ಲಾಟ್ (ಎ ಶಾರ್ಪ್‌ನ ಇನ್ನೊಂದು ಹೆಸರು), ಇ ಮೈನರ್ ಇದ್ದದ್ದು ಜಿ ಮೈನರ್, ಸಿ ಇದ್ದದ್ದು ಇ ಫ್ಲಾಟ್ (ಡಿ ಶಾರ್ಪ್), ಡಿ ಇದ್ದದ್ದು ಎಫ್. ಮೈನರ್ ಮೈನರಾಗಿಯೇ ಉಳಿಯಬೇಕು, ಸೆವೆಂತ್ ಕಾರ್ಡ್ ಸೆವೆಂತಾಗಿಯೇ. ‘ಜಿ ಬೈ ಬಿ’ ಎಂದು ಬೇಸ್ ಸ್ವರವನ್ನೂ ಬರೆದಿದ್ದರೆ ಅದೂ ಜೊತೆಗೇ ಸರಿಯಬೇಕು: ಬಿ ಫ್ಲಾಟ್ ಬೈ ಡಿ. ಕಾರ್ಡ್ ಬದಲಿಸಿ ಬೇಸ್ ಹಾಗೇ ಬಿಟ್ಟರೆ ಅಪಸ್ವರ ಕಟ್ಟಿಟ್ಟದ್ದು.

ಪ್ರತಿ ಸಲ ಹೀಗೆ ಎಣಿಸುವುದಕ್ಕಿಂತ ಕಾರ್ಡನ್ನು ಸ್ವರದ ಹೆಸರಿನಲ್ಲೇ ಬರೆದಿಡುವುದು ಮೇಲು. ಈ ಹಾಡು ‘ಸ, ದ ಮೈನರ್, ಮ, ಪ’. ಸ ಯಾವ ಮನೆ ಎಂದು ಹೇಳಿದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ಸಂಗೀತ ಕಲಿತವರಿಗೆ ಇದು ಎರಡು ದಿನದ ಅಭ್ಯಾಸ. ಒಂದೇ ಎಚ್ಚರಿಕೆ: ಮೈನರ್ ಹಾಡಿನಲ್ಲಿ ಸ ಎಲ್ಲಿ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಇ ಮೈನರ್, ಸಿ, ಡಿ ಎಂಬುದು ಇ ಷಡ್ಜವಾದರೆ ‘ಸ ಮೈನರ್, ಕೋಮಲ ದ, ಕೋಮಲ ನಿ’, ಜಿ ಷಡ್ಜವಾದರೆ ‘ದ ಮೈನರ್, ಮ, ಪ’. ತಂಡದಲ್ಲಿ ಒಬ್ಬರು ಹಾಗೆ, ಒಬ್ಬರು ಹೀಗೆ ಬರೆದರೆ ರಿಹರ್ಸಲ್ ಪೂರ್ತಿ ಜಗಳ.

ಗಿಟಾರಿನಲ್ಲಿ ಬಿ ಫ್ಲಾಟ್ ಹಿಡಿಯುವುದು ಬೆರಳಿಗೆ ಹಿಂಸೆ. ಕ್ಯಾಪೊವನ್ನು (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಮೂರನೇ ಫ್ರೆಟ್‌ನ ಲೋಹದ ಪಟ್ಟಿಗೆ ಹತ್ತಿರ, ಅದರ ಹಿಂಬದಿಗೆ ಕೂರಿಸಿ ಹಳೆಯ ಜಿ, ಇ ಮೈನರ್, ಸಿ, ಡಿ ಹಿಡಿತಗಳನ್ನೇ ನುಡಿಸಿ. ಕ್ಯಾಪೊ ಬಿಗಿದರೆ ತಂತಿಗಳು ತುಸು ಏರುತ್ತವೆ, ಆದ್ದರಿಂದ ಮತ್ತೊಮ್ಮೆ ಟ್ಯೂನ್ ನೋಡಿ. ಕ್ಯಾಪೊ ಶ್ರುತಿಯನ್ನು ಏರಿಸಬಲ್ಲದೇ ಹೊರತು ಇಳಿಸಲಾರದು. ಡಿ ಶ್ರುತಿಯ ಹಾಡನ್ನು ಮೂರು ಮನೆ ಇಳಿಸಿ ಬಿಗೆ ತರಬೇಕೆಂದರೆ ನಾಲ್ಕನೇ ಫ್ರೆಟ್‌ನಲ್ಲಿ ಕ್ಯಾಪೊ ಹಾಕಿ ಜಿ ಹಿಡಿತಗಳಲ್ಲಿ ನುಡಿಸಿ: ಡಿ, ಎ, ಬಿ ಮೈನರ್, ಜಿ ಇದ್ದ ಕಡೆ ಜಿ, ಡಿ, ಇ ಮೈನರ್, ಸಿ.

ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿ ಸುಲಭವೇನೋ ಹೌದು, ಆದರೆ ಒತ್ತುವ ಮನೆ ಒಂದು, ಕೇಳುವ ಸ್ವರ ಇನ್ನೊಂದು. ಪಕ್ಕದ ಬೇಸ್ ಗಿಟಾರಿನವರು ನಿಮ್ಮ ಬೆರಳು ನೋಡಿ ನುಡಿಸಿದರೆ ಕೆಟ್ಟಿತು. ಹಾಡು ಮುಗಿದ ತಕ್ಷಣ ಸೊನ್ನೆಗೆ ತನ್ನಿ.

ಶ್ರುತಿ ಬದಲಾದದ್ದನ್ನು ತಬಲಾದವರಿಗೂ ಕೊಳಲಿನವರಿಗೂ ಮೊದಲೇ ತಿಳಿಸಿ. ಒಂದು ತಬಲಾವನ್ನು ಮೂರು ಮನೆ ಏರಿಸಿದರೆ ನಾದ ಕೆಡುತ್ತದೆ, ಅದಕ್ಕೆ ಬೇರೆ ತಬಲಾ ಬೇಕು. ಕೊಳಲೂ ಅಷ್ಟೇ, ಆ ಶ್ರುತಿಯದು ಚೀಲದಲ್ಲಿ ಇರಬೇಕು.